ಬೋನಿನಲ್ಲಿರುವ ನಾಯಿಗೆ ನೀರಿಟ್ಟಿದ್ದೀರಾ?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದರೆ ಹಕ್ಕಿಗಳಿಗೆ ನೀರಿಡಿ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಜನ ತಾರಸಿ ಮೇಲೆ ಮಣ್ಣಿನ ತಟ್ಟೆ ಇಡುತ್ತಾರೆ. ಬೀದಿ ನಾಯಿಗೆ ಅಂತ ಗೇಟಿನ ಹೊರಗೆ ಬಕೆಟ್ ಇಡುವವರೂ ಈಗ ಇದ್ದಾರೆ, ಅವರಿಗೆ ಪುಣ್ಯ ಬರಲಿ. ಆದರೆ ಗೇಟಿನ ಒಳಗೆ ಬೋನಿನಲ್ಲಿ ಕೂಡಿಹಾಕಿದ ನಾಯಿಗೆ ನೀರು ಇದೆಯಾ ಅಂತ ಯಾರೂ ಕೇಳುವುದಿಲ್ಲ. ಸಾಕಿದವರು ಇದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ನೋಡಿಕೊಳ್ಳುತ್ತಿಲ್ಲ. ಬೀದಿ ನಾಯಿಗೆ ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಸೋರುವ ನಲ್ಲಿ ಸಿಗುತ್ತದೆ, ಕಡೆಗೆ ಚರಂಡಿಯಾದರೂ ಇದೆ. ಬೋನಿನ ನಾಯಿಗೆ ನಾವು ಇಟ್ಟಿದ್ದು ಬಿಟ್ಟರೆ ಬೇರೆ ಒಂದು ಹನಿ ಇಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ದಾವಣಗೆರೆಯವಳು. ಊರಿಗೆ, ಮದುವೆಗೆ, ಯಾತ್ರೆಗೆ ಹೋಗುವ ಪರಿಚಯದವರು ತಮ್ಮ ನಾಯಿಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಹಲವು ವರ್ಷಗಳಿಂದ ಇದು ನಡೆದುಕೊಂಡು ಬಂದಿದೆ. ಲ್ಯಾಬ್, ಪಗ್, ಪೊಮೇರಿಯನ್, ನಾಟಿ, ಒಮ್ಮೊಮ್ಮೆ ಮುಧೋಳ, ಎಲ್ಲವೂ ಬಂದು ಹೋಗಿವೆ. ನಾಯಿ ಜೊತೆಗೆ ಅದರ ಬೋನೂ ಬರುತ್ತದೆ. ಅದರಲ್ಲಿ ಮೆತ್ತನೆ ಹಾಸಿಗೆ ಇರುತ್ತದೆ, ಆಟದ ಸಾಮಾನು ಇರುತ್ತದೆ, ಹೆಸರು ಬರೆದ ಚೀಟಿ ಕೂಡ ಇರುತ್ತದೆ. ನೀರಿನ ಬಟ್ಟಲು ಸಿಕ್ಕಿಸಿದ ಗುರುತು ಮಾತ್ರ ಬಹಳಷ್ಟು ಬೋನುಗಳಲ್ಲಿ ಕಾಣುವುದಿಲ್ಲ. ಕೇಳಿದರೆ, "ಒಳಗೆ ನೀರು ಇಡಲ್ಲ ಆಂಟಿ, ಚೆಲ್ಲಿಬಿಡುತ್ತೆ" ಅನ್ನುತ್ತಾರೆ. ಇವರು ಕೆಟ್ಟವರಲ್ಲ. ನಾಯಿಯನ್ನು ಮಗುವಿನ ಹಾಗೆ ಸಾಕುವವರೇ ಈ ಮಾತು ಹೇಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಬೋನಿಗೆ ನಾನು ವಿರೋಧಿ ಅಲ್ಲ. ಸರಿಯಾದ ಅಳತೆಯ ಬೋನು, ಬಾಗಿಲು ತೆರೆದಿಟ್ಟರೂ ನಾಯಿ ತಾನಾಗಿಯೇ ಒಳಗೆ ಹೋಗಿ ಮಲಗುತ್ತದೆ ಅಂದರೆ ಅದಕ್ಕೆ ಅದೊಂದು ನೆಮ್ಮದಿಯ ಜಾಗ. ಪಟಾಕಿ ಹೊತ್ತಿನಲ್ಲಿ, ಮನೆಗೆ ಜನ ಬಂದಾಗ, ಆಪರೇಷನ್ ಆದ ಮೇಲೆ ಬೋನು ಬೇಕೇ ಬೇಕಾಗುತ್ತದೆ. ಆದರೆ ಈಗ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಇನ್ನೂ ತಡ, ಅಷ್ಟು ಹೊತ್ತೂ ನಾಯಿ ಬೋನಿನಲ್ಲೇ ಇರುತ್ತದೆ. ಅಷ್ಟು ಹೊತ್ತು ಕೂಡಿಹಾಕುವುದೇ ತಪ್ಪು ಅಂತ ಕೆಲವರು ವಾದ ಮಾಡುತ್ತಾರೆ, ಅದು ಸರಿಯೂ ಹೌದು. ಆ ಚರ್ಚೆ ಬೇರೆ ನಡೆಯಲಿ. ನಾಯಿಯನ್ನು ಒಂದು ಗಂಟೆ ಕೂಡಿಹಾಕಲಿ, ಹತ್ತು ಗಂಟೆ ಕೂಡಿಹಾಕಲಿ, ಬಾಗಿಲ ಚಿಲಕ ಹಾಕಿದವರ ಮೇಲೆ ಅದರ ನೀರಿನ ಹೊಣೆ ಬಂತು. ಇಷ್ಟು ಮಾತ್ರ ನಾನು ಹೇಳುತ್ತಿರುವುದು.

ನೀರು ಎಷ್ಟು ಬೇಕು ಅಂತ ಬಹಳ ಜನರಿಗೆ ಅಂದಾಜೇ ಇಲ್ಲ. ತಂಪು ಹೊತ್ತಿನಲ್ಲಿ, ಆರೋಗ್ಯವಾಗಿರುವ ನಾಯಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಬೇಕು. 10 ಕಿಲೋ ನಾಯಿಗೆ ಅರ್ಧ ಲೀಟರಿಗಿಂತ ಜಾಸ್ತಿ ಆಯಿತು. 30 ಕಿಲೋ ಲ್ಯಾಬ್ ಆದರೆ ಒಂದೂವರೆ ಲೀಟರಿನ ಮೇಲೆ. ಬಿಸಿಲು ಏರಿದರೆ, ಓಡಾಡಿಸಿ ತಂದರೆ, ಮರಿಗೆ ಹಾಲು ಕುಡಿಸುತ್ತಿದ್ದರೆ ಅದರ ಎರಡು ಪಾಲು, ಮೂರು ಪಾಲು ಬೇಕಾಗಬಹುದು. ಇದರಲ್ಲಿ ಒಂದಷ್ಟು ಊಟದಲ್ಲಿ ಬರುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ನಾಯಿಗೆ ಅನ್ನ ಮಜ್ಜಿಗೆ ಕಲಸಿ ಹಾಕುತ್ತಿದ್ದರು, ಮುದ್ದೆ ಕಿವುಚಿ ಸಾರು ಬಿಡುತ್ತಿದ್ದರು. ಬೇಯಿಸಿದ ಅನ್ನದಲ್ಲೇ ಮೂರರಲ್ಲಿ ಎರಡು ಪಾಲು ನೀರು, ಮೇಲೆ ಮಜ್ಜಿಗೆ ಬೇರೆ. ಈಗ ಪ್ಯಾಕೆಟ್ಟಿನಲ್ಲಿ ಬರುವ, ಒಣ ಕಾಳಿನಂಥ ನಾಯಿ ಆಹಾರ ಹಾಕುತ್ತೇವೆ. ಅದರಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ನೀರು. ಊಟ ಬದಲಾಯಿತು, ಆದರೆ ನೀರಿನ ಬಟ್ಟಲು ಅಷ್ಟೇ ಇದೆ. ಬೆಳಿಗ್ಗೆ ಏಳಕ್ಕೆ ಒಣ ಕಾಳು ಹಾಕಿ, ಎಂಟಕ್ಕೆ ಬೋನಿಗೆ ಹಾಕಿ ಹೋದರೆ ಹತ್ತು ಗಂಟೆಗೆಲ್ಲ ಆ ನಾಯಿಗೆ ಬಾಯಾರುತ್ತದೆ.

ಇನ್ನೊಂದು ವಿಷಯ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಹಾಗಿಲ್ಲ. ಅದರ ಬೆವರು ಇರುವುದು ಪಾದದ ಅಡಿಯಲ್ಲಿ ಸ್ವಲ್ಪ, ಅಷ್ಟರಿಂದ ಏನೂ ಆಗುವುದಿಲ್ಲ. ನಾಲಿಗೆ ಹೊರಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿಕೊಂಡೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು. ಏದುಸಿರು ಬಿಟ್ಟಷ್ಟೂ ಮೈಯಿಂದ ನೀರು ಹೋಗುತ್ತದೆ. ನೀರಿಲ್ಲದ ನಾಯಿಗೆ ಬಾಯಿ ಒಣಗುತ್ತದೆ, ಬಾಯಿ ಒಣಗಿದರೆ ಮೈ ತಣ್ಣಗಾಗುವ ದಾರಿಯೇ ಮುಚ್ಚಿತು. ಬೋನಿನಲ್ಲಿ ಇದ್ದರೆ ಎದ್ದು ಬಚ್ಚಲಿನ ತಣ್ಣನೆ ಕಲ್ಲಿನ ಮೇಲೆ ಹೋಗಿ ಮಲಗಲೂ ಆಗುವುದಿಲ್ಲ. ಸ್ವಂತ ಇಷ್ಟದಿಂದ ನೆರಳಿಗೆ ಹೋಗಲಾಗದ ಪ್ರಾಣಿಗೆ ನೀರೂ ಇಲ್ಲ ಅಂದರೆ ಏನು ಗತಿ?

ಈಗ ಆ ಚೆಲ್ಲುವ ವಿಷಯಕ್ಕೆ ಬರುತ್ತೇನೆ. ನಾಯಿ ನೀರು ಕುಡಿಯುವುದನ್ನು ಹತ್ತಿರ ಕೂತು ನೋಡಿ. ನಾವು ಅಂದುಕೊಂಡ ಹಾಗೆ ಅದು ನಾಲಿಗೆಯನ್ನು ಮುಂದಕ್ಕೆ ಸೌಟು ಮಾಡಿ ಎತ್ತುವುದಿಲ್ಲ. ನಾಲಿಗೆಯ ತುದಿ ಹಿಂದಕ್ಕೆ, ಗದ್ದದ ಕಡೆಗೆ ಮಡಚಿಕೊಂಡು ನೀರಿಗೆ ಬೀಳುತ್ತದೆ, ಪಟ್ಟನೆ ಮೇಲೆ ಏಳುತ್ತದೆ. ಅದರ ಹಿಂದೆಯೇ ನೀರು ಒಂದು ಕಂಬದ ಹಾಗೆ ಮೇಲೆದ್ದು ಬರುತ್ತದೆ, ಆ ಕಂಬ ಬೀಳುವ ಮೊದಲೇ ನಾಯಿ ಬಾಯಿ ಮುಚ್ಚಿ ಹಿಡಿದುಕೊಳ್ಳುತ್ತದೆ. ಸೆಕೆಂಡಿಗೆ ಹಲವು ಸಲ. ಸಿಕ್ಕಷ್ಟು ಒಳಗೆ, ಉಳಿದದ್ದು ಗದ್ದದಿಂದ ಸುತ್ತಲೂ. ಅಂದರೆ ನಾಯಿ ಕುಡಿಯುವುದೇ ಹಾಗೆ, ಅದು ತುಂಟತನ ಅಲ್ಲ. ಚೆಲ್ಲುತ್ತದೆ ಅಂತ ನೀರನ್ನೇ ತೆಗೆದುಬಿಡುವ ಬದಲು ಚೆಲ್ಲಿದರೂ ಹಾಸಿಗೆ ನೆನೆಯದ ಹಾಗೆ, ಬಟ್ಟಲು ಮಗುಚದ ಹಾಗೆ ಮಾಡಬೇಕು ಅಲ್ವಾ.

ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಬೋನಿನ ಸರಳಿಗೆ ಸಿಕ್ಕಿಸುವ ಸ್ಟೀಲ್ ಬಟ್ಟಲುಗಳು ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ಎರಡು ಥರ ಇವೆ. ಒಂದು ಸುಮ್ನೆ ಕೊಕ್ಕೆ ಹಾಕಿ ನೇತುಹಾಕುವುದು, ಇನ್ನೊಂದು ನಟ್ಟು ಬೋಲ್ಟು ಹಾಕಿ ಕೈಯಲ್ಲೇ ತಿರುಗಿಸಿ ಬಿಗಿಯುವುದು. ಕೊಕ್ಕೆಯದು ಬೇಡ. ನಾಯಿ ಮೂಗಿನಿಂದ ಒಂದು ಸಲ ಕೆಳಗಿನಿಂದ ಎತ್ತಿದರೆ ಬಟ್ಟಲು ಸಮೇತ ಕಳಚಿ ಬೀಳುತ್ತದೆ. ಬಿಗಿಯುವುದನ್ನೇ ತನ್ನಿ. ಎತ್ತರ ಎಷ್ಟಿರಬೇಕು ಅಂದರೆ, ನಾಯಿ ನಿಂತಾಗ ಅದರ ಎದೆಗಿಂತ ಸ್ವಲ್ಪ ಕೆಳಗೆ. ಬಹಳ ಕೆಳಗೆ ಕಟ್ಟಿದರೆ ಮಲಗಿ ಹೊರಳುವಾಗ ಕಾಲು ಬೀಳುತ್ತದೆ, ಕೆಲವು ನಾಯಿಗಳು ಅದರಲ್ಲಿ ಕೆರೆಯಲು ಶುರುಮಾಡುತ್ತವೆ. ಬಹಳ ಮೇಲೆ ಕಟ್ಟಿದರೆ ಮುದಿ ನಾಯಿ ಎದ್ದು ನಿಲ್ಲಲು ಬೇಸರ ಮಾಡಿಕೊಂಡು ಕುಡಿಯುವುದನ್ನೇ ಬಿಡುತ್ತದೆ. ಕಾಲು ನೋವಿರುವ ನಾಯಿಗೆ ಮಲಗಿದಲ್ಲಿಂದಲೇ ಬಾಯಿಗೆ ಸಿಗಬೇಕು. ಬಾಯಿ ಅಗಲವಾಗಿರುವ ಬಟ್ಟಲು ಬೇಕು, ಪಗ್ ತರಹದ ಚಪ್ಪಟೆ ಮೂತಿಯವಕ್ಕೆ ಆಳ ಕಡಿಮೆ ಇರಬೇಕು. ಇಲ್ಲದಿದ್ದರೆ ಮೂಗಿಗೇ ನೀರು ಹೋಗುತ್ತದೆ.

ಕಟ್ಟುವ ಜಾಗವೂ ಮುಖ್ಯ. ಬಾಗಿಲಿನ ಪಕ್ಕದಲ್ಲಿ ಕಟ್ಟಿ, ಹಾಸಿಗೆ ಇನ್ನೊಂದು ತುದಿಯಲ್ಲಿ ಇರಲಿ. ಬಾಗಿಲು ತೆರೆಯದೇ ಹೊರಗಿನಿಂದಲೇ ಬಾಟಲಿಯಲ್ಲಿ ನೀರು ಬಿಡುವ ಹಾಗಿದ್ದರೆ ಪಕ್ಕದ ಮನೆಯವರೋ, ಕೆಲಸದವರೋ, ಸೆಕ್ಯುರಿಟಿಯವರೋ ಮಧ್ಯಾಹ್ನ ಬಂದು ತುಂಬಿಸಿ ಹೋಗಬಹುದು, ನಾಯಿ ಕಂಡರೆ ಹೆದರುವವರೂ ಮಾಡಬಹುದು. ಬಟ್ಟಲಿನ ಕೆಳಗೆ ಒಂದು ಹಳೆ ಟವೆಲ್ ಮಡಚಿ ಹಾಕಿ. ಬಟ್ಟಲು ಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು. ದೊಡ್ಡ ನಾಯಿಯಾದರೆ ಎರಡು ಬಟ್ಟಲು ಕಟ್ಟಿ. ಒಂದನ್ನು ಹೇಗಾದರೂ ಖಾಲಿ ಮಾಡಿಕೊಂಡರೂ ಇನ್ನೊಂದು ಇರುತ್ತದೆ. ಬಟ್ಟಲನ್ನು ಕಟ್ಟುವ ತಂತಿಯಲ್ಲಿ ಬಿಗಿಯುವವರು ತಂತಿಯ ತುದಿ ಹೊರಗೆ ಮಡಚಿದೆಯಾ ನೋಡಿಕೊಳ್ಳಿ, ಒಳಗೆ ಚುಚ್ಚಿಕೊಂಡಿದ್ದರೆ ನಾಲಿಗೆ, ಕಣ್ಣು ಎರಡಕ್ಕೂ ಅಪಾಯ. ಹಾಗೆಯೇ ಬೋನಿಗೆ ಹಾಕುವಾಗ ಕುತ್ತಿಗೆ ಪಟ್ಟಿ ತೆಗೆಯಿರಿ, ಅದು ಸರಳಿಗೋ ನಟ್ಟಿಗೋ ಸಿಕ್ಕಿಕೊಂಡು ಉಸಿರು ಕಟ್ಟಬಹುದು.

ತಲೆಕೆಳಗಾಗಿ ಸಿಕ್ಕಿಸುವ ಬಾಟಲಿ, ತುದಿಯಲ್ಲಿ ಗುಂಡು ಇರುತ್ತದಲ್ಲ, ನಾಲಿಗೆ ತಾಗಿಸಿದರೆ ಹನಿ ಬೀಳುವಂಥದ್ದು, ಅದನ್ನು ಈಗ ಬಹಳ ಜನ ಹಾಕುತ್ತಿದ್ದಾರೆ. ಚೆಲ್ಲುವುದಿಲ್ಲ, ನೋಡಲೂ ಚೆನ್ನಾಗಿದೆ. ಆದರೆ ಅದು ಮೊಲಕ್ಕೆ ಹೇಳಿ ಮಾಡಿಸಿದ್ದು. ನಾಯಿಯ ನಾಲಿಗೆಗೆ ಅದರಿಂದ ಸಿಗುವುದು ಹನಿ ಹನಿ ಮಾತ್ರ. ಬಾಯಾರಿದ ದೊಡ್ಡ ನಾಯಿ ಅದನ್ನು ನೆಕ್ಕಿ ನೆಕ್ಕಿ ಸುಸ್ತಾಗಿ ಬಿಟ್ಟುಬಿಡುತ್ತದೆ, ಬಾಯಾರಿಕೆ ಮಾತ್ರ ಹಾಗೇ ಇರುತ್ತದೆ. ಕೆಲವು ನಾಯಿಗಳು ಅದನ್ನು ಬಳಸಲು ಕಲಿಯುವುದೇ ಇಲ್ಲ. ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬಾ ನೀರಿದ್ದರೂ ಹನಿ ಬರುವುದಿಲ್ಲ, ಸಂಜೆ ಬಂದು ನೋಡಿ "ಇವತ್ತು ಕುಡಿದೇ ಇಲ್ಲ" ಅನ್ನುತ್ತೀರಿ. ಬಟ್ಟಲಿನ ಜೊತೆಗೆ ಬೇಕಾದರೆ ಅದೂ ಇರಲಿ. ಬಟ್ಟಲಿನ ಬದಲು ಬೇಡ.

ಮೂಲೆಗೆ ಇಟ್ಟ ಬಟ್ಟಲನ್ನು ಮಗುಚುವುದನ್ನೇ ಆಟ ಮಾಡಿಕೊಂಡ ನಾಯಿಗಳೂ ಇವೆ, ಅದು ನಿಜ. ಅಂಥವು ಹೆಚ್ಚಾಗಿ ಬೇಜಾರಿಗೆ ಹಾಗೆ ಮಾಡುತ್ತವೆ. ಬೆಳಿಗ್ಗೆ ಅರ್ಧ ಗಂಟೆ ಚೆನ್ನಾಗಿ ಓಡಾಡಿಸಿ, ಕಡಿಯಲು ಏನಾದರೂ ಕೊಟ್ಟು, ಬಟ್ಟಲು ಬಿಗಿ ಮಾಡಿ ನೋಡಿ, ಬಹಳ ಮಟ್ಟಿಗೆ ನಿಲ್ಲುತ್ತದೆ.

ಎರಡನೇ ನೆಪ, ಉಚ್ಚೆ. ನೀರು ಕೊಟ್ಟರೆ ಬೋನಿನಲ್ಲೇ ಮಾಡಿಕೊಳ್ಳುತ್ತದೆ, ಅಭ್ಯಾಸ ಆಗುವವರೆಗೆ ನೀರು ಕಡಿಮೆ ಕೊಡಿ ಅಂತ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲಾರದು, ಅದರ ಮೂತ್ರದ ಚೀಲವೇ ಅಷ್ಟು ಚಿಕ್ಕದು. ನೀರು ನಿಲ್ಲಿಸಿದರೆ ಚೀಲ ದೊಡ್ಡದಾಗುವುದಿಲ್ಲ. ಮೂತ್ರ ಗಟ್ಟಿಯಾಗಿ ಉರಿ ಶುರುವಾಗುತ್ತದೆ, ಸೋಂಕು ತಗುಲಿದರೆ ಮತ್ತೂ ಪದೇ ಪದೇ ಮಾಡುತ್ತದೆ. ಆಮೇಲೆ ಸಂಜೆ ಬೋನಿನಿಂದ ಬಿಟ್ಟ ಕೂಡಲೇ ಸಿಕ್ಕಿದ ನೀರನ್ನು ಗಟಗಟ ಕುಡಿದು ವಾಂತಿ ಮಾಡುತ್ತದೆ. ಮರಿಗೆ ಬೇಕಾಗಿರುವುದು ಕಡಿಮೆ ನೀರಲ್ಲ, ಬೇಗ ಬೇಗ ಹೊರಗೆ ಕರೆದುಕೊಂಡು ಹೋಗುವವರು. ಮಲಗುವ ಮುಂಚೆ ಒಂದು ಸುತ್ತು, ಎದ್ದ ಕೂಡಲೇ ಒಂದು ಸುತ್ತು, ತಿಂದ ಮೇಲೆ ಒಂದು ಸುತ್ತು. ಅಷ್ಟು ಮಾಡಲು ಮನೆಯಲ್ಲಿ ಜನ ಇಲ್ಲ ಅನ್ನುವವರು ಸದ್ಯಕ್ಕೆ ಮರಿ ತರದೇ ಇರುವುದು ಒಳ್ಳೆಯದು.

ದೊಡ್ಡ ನಾಯಿ ಇದ್ದಕ್ಕಿದ್ದ ಹಾಗೆ ತುಂಬಾ ಕುಡಿದು ತುಂಬಾ ಉಚ್ಚೆ ಮಾಡುತ್ತಿದೆ ಅಂದರೆ ಅದಕ್ಕೂ ನೀರು ಮುಚ್ಚಿಡುವುದು ಪರಿಹಾರ ಅಲ್ಲ. ಕಿಡ್ನಿ ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇವೆಲ್ಲದರಲ್ಲೂ ನೀರು ತಪ್ಪಿಸಿದರೆ ಜೀವಕ್ಕೇ ಬರುತ್ತದೆ. ಡಾಕ್ಟರ ಹತ್ತಿರ ಹೋಗಬೇಕು. ಒಂದು ಲೀಟರ್ ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಹಾಕುವ ಅಭ್ಯಾಸ ಇಟ್ಟುಕೊಂಡರೆ ನಾಯಿ ಎಷ್ಟು ಕುಡಿಯಿತು ಅಂತ ನಿಮಗೇ ಗೊತ್ತಿರುತ್ತದೆ, ಡಾಕ್ಟರು ಮೊದಲು ಕೇಳುವುದೂ ಅದನ್ನೇ.

ನೀರು ಇಟ್ಟರೆ ಆಯಿತು ಅಂತಲೂ ಅಲ್ಲ. ಬಟ್ಟಲಿನ ಒಳಗೆ ಬೆರಳು ಆಡಿಸಿ ನೋಡಿ, ಜಾರಿದರೆ ಲೋಳೆ ಕಟ್ಟಿದೆ ಅಂತ ಅರ್ಥ. ನಾಯಿಯ ಜೊಲ್ಲು, ಕಾಳಿನ ಪುಡಿ ಸೇರಿ ಒಂದು ದಿನದಲ್ಲೇ ಆಗುತ್ತದೆ. ಹಳೆ ನೀರಿನ ಮೇಲೆಯೇ ಹೊಸ ನೀರು ಸುರಿಯಬೇಡಿ, ಚೆಲ್ಲಿ, ಉಜ್ಜಿ ತೊಳೆದು ಹಾಕಿ. ದಿನಕ್ಕೆ ಎರಡು ಸಲ ಬದಲಾಯಿಸಿದರೆ ಸಾಕು. ಪ್ಲಾಸ್ಟಿಕ್ ಬಟ್ಟಲನ್ನು ನಾಯಿ ಕಡಿಯುತ್ತದೆ, ಆ ಗೀರುಗಳಲ್ಲಿ ಕೊಳೆ ಕೂರುತ್ತದೆ, ಆದ್ದರಿಂದ ಸ್ಟೀಲೇ ಮೇಲು. ಸ್ಟೀಲಿನ ಮೇಲೆ ಬಿಸಿಲು ಬಿದ್ದರೆ ಮಾತ್ರ ನೀರು ಬಾಯಿಗಿಡಲು ಆಗದಷ್ಟು ಕಾಯುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಾಲ್ಕನಿಯಲ್ಲಿಟ್ಟ ಬೋನಿನ ನೀರನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ನಾನು ಹೇಳುವುದೇ ಬೇಡ, ಅಲ್ಲಿ 40 ಡಿಗ್ರಿ ದಾಟುವುದು ಪ್ರತಿ ಬೇಸಿಗೆಯ ಮಾತು. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ, ನೀವು ಆಗ ಆಫೀಸಿನಲ್ಲಿ ಇರುತ್ತೀರಿ. ಒಂದು ರಜೆ ದಿನ ಪೂರ್ತಿ ಬಿಸಿಲು ಹೇಗೆ ಓಡಾಡುತ್ತದೆ ಅಂತ ನೋಡಿಯೇ ಬೋನಿನ ಜಾಗ ನಿರ್ಧಾರ ಮಾಡಿ. ತಗಡಿನ ಶೀಟ್ ಕೆಳಗೆ ಅಂತೂ ಇಡಲೇಬೇಡಿ.

ನಾಯಿಯ ಮೈ ಸಾಮಾನ್ಯವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 106ರ ಹತ್ತಿರ ಹೋದರೆ ಒಳಗಿನ ಅಂಗಗಳು ಕೆಡಲು ಶುರು. ಜೊಲ್ಲು ಅಂಟಂಟಾಗಿ ಎಳೆ ಎಳೆಯಾಗಿ ಸುರಿಯುವುದು, ಒಸಡು ಕೆಂಪಾಗುವುದು, ನಿಲ್ಲಲಾಗದೆ ತೂರಾಡುವುದು, ಇವು ಕಂಡರೆ ಕಾಯಬೇಡಿ. ನೆರಳಿಗೆ ತಂದು ಮೈ ಮೇಲೆಲ್ಲ ನೀರು ಸುರಿಯಿರಿ, ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ. ಬಾಯಿ ತೆರೆಸಿ ಬಲವಂತವಾಗಿ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನು ದಿನಾ ಮಾಡಬಹುದಾದ ಚಿಕ್ಕ ಪರೀಕ್ಷೆ ಒಂದಿದೆ. ಭುಜದ ಮೇಲಿನ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಡಿ. ಪಟ್ಟನೆ ಕೂತರೆ ಸರಿ. ಗುಡಾರದ ಹಾಗೆ ನಿಂತು ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರು ಕಡಿಮೆ ಆಗಿದೆ. ಒಸಡು ಮುಟ್ಟಿದರೆ ಅಂಟಿದ ಹಾಗಾದರೂ ಅದೇ ಅರ್ಥ.

ಮನೆಯ ಮಾತು ಇಷ್ಟು. ಈಗ ರೈಲು.

ನಾಯಿಯನ್ನು ರೈಲಿನಲ್ಲಿ ಒಯ್ಯಬೇಕಾದರೆ ಫಸ್ಟ್ ಕ್ಲಾಸಿನ ಕೂಪೆಯನ್ನು, ಅಂದರೆ ಬಾಗಿಲಿರುವ ಚಿಕ್ಕ ಕೋಣೆಯನ್ನು, ಪೂರ್ತಿ ನಮ್ಮದೇ ಮಾಡಿಕೊಳ್ಳಬೇಕು. ಅಷ್ಟು ಹಣ ಇಲ್ಲದವರ ನಾಯಿ ಬ್ರೇಕ್ ವ್ಯಾನಿನ, ಅಂದರೆ ಗಾರ್ಡ್ ಇರುವ ಸಾಮಾನಿನ ಬೋಗಿಯ, ಡಾಗ್ ಬಾಕ್ಸಿಗೆ ಹೋಗುತ್ತದೆ. ಕಬ್ಬಿಣದ ಗೂಡು, ಕತ್ತಲು, ಸದ್ದು. ನೀರು ಊಟದ ಹೊಣೆ ಒಡೆಯರದ್ದೇ. ಪ್ರಾಣಿ ಸಾಗಣೆಗೆ 1978ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಾಯಿಗೆ ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ಕುಡಿಯುವ ನೀರು ಕೊಡಬೇಕು, ಹಸಿದ ಬಾಯಾರಿದ ನಾಯಿಯನ್ನು ಪೆಟ್ಟಿಗೆಗೆ ಹಾಕಲೇಬಾರದು, ಆರು ಗಂಟೆಗಿಂತ ಉದ್ದದ ರೈಲು ಪ್ರಯಾಣವಾದರೆ ನೀರು ಊಟ ಕೊಡಲು ಒಬ್ಬರು ಜೊತೆಗಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಎಷ್ಟು ಒಳ್ಳೆಯ ನಿಯಮ! ಆದರೆ ನಾವು ಇರುವುದು ಒಂದು ತುದಿಯ ಬೋಗಿಯಲ್ಲಿ, ನಾಯಿ ಇರುವುದು ಇನ್ನೊಂದು ತುದಿಯಲ್ಲಿ. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಬಾಟಲಿ ಹಿಡಿದು ಪ್ಲಾಟ್‌ಫಾರಂ ಉದ್ದಕ್ಕೂ ಓಡಿ, ವ್ಯಾನಿನ ಬಾಗಿಲು ತೆಗೆಸಿ, ನೀರು ಕುಡಿಸಿ, ವಾಪಸ್ ಬಂದು ಹತ್ತಲು ಯಾರಿಗೆ ಆಗುತ್ತದೆ? ವಯಸ್ಸಾದವರಿಗಂತೂ ಆಗದ ಮಾತು.

ಹೋಗಲೇಬೇಕಾದವರು ಹೀಗೆ ಮಾಡಿ. ಹಿಂದಿನ ರಾತ್ರಿಯೇ ಸ್ಟೀಲ್ ಬಟ್ಟಲಿನಲ್ಲಿ ನೀರು ತುಂಬಿಸಿ ಫ್ರೀಜರಿನಲ್ಲಿ ಇಟ್ಟು ಗಟ್ಟಿ ಮಾಡಿ. ಹತ್ತಿಸುವಾಗ ಚೆಲ್ಲುವುದಿಲ್ಲ, ದಾರಿಯಲ್ಲಿ ಕರಗುತ್ತಾ ಹೋಗುತ್ತದೆ, ನಾಯಿ ನೆಕ್ಕುತ್ತದೆ. ವಿಮಾನದಲ್ಲಿ ನಾಯಿ ಕಳಿಸುವವರು ಬಹಳ ಕಾಲದಿಂದ ಇದನ್ನೇ ಮಾಡುತ್ತಾರೆ. ವಿಮಾನದ ಪೆಟ್ಟಿಗೆಗೆ ಹೊರಗಿನಿಂದಲೇ ನೀರು ತುಂಬಲು ಬರುವ ಪಾತ್ರೆ ಇರಲೇಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಹೊರಡುವ ಮೊದಲೇ ಗಾರ್ಡಿಗೆ, ಈಗ ಅವರನ್ನು ಟ್ರೈನ್ ಮ್ಯಾನೇಜರ್ ಅನ್ನುತ್ತಾರೆ, ನಾಯಿ ಇದೆ ಅಂತ ಹೇಳಿ, ಯಾವ ದೊಡ್ಡ ಸ್ಟೇಷನ್ನಿನಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ ಕೇಳಿಟ್ಟುಕೊಳ್ಳಿ. ಸಾಧ್ಯವಾದರೆ ವ್ಯಾನಿಗೆ ಹತ್ತಿರದ ಬೋಗಿಯಲ್ಲೇ ಸೀಟು ತಗೊಳ್ಳಿ. ಬೇಸಿಗೆಯಾದರೆ ರಾತ್ರಿ ರೈಲೇ ಸರಿ.

ನೈರುತ್ಯ ರೈಲ್ವೆಯವರಿಗೆ ನನ್ನದೊಂದು ಬೇಡಿಕೆ. ಡಾಗ್ ಬಾಕ್ಸಿನ ಜಾಲರಿಗೆ ಒಂದು ಬಟ್ಟಲು ಕಾಯಂ ಆಗಿ ಬಿಗಿದು, ಹೊರಗಿನಿಂದ ನೀರು ಬಿಡಲು ಒಂದು ಗೇಣುದ್ದದ ಪೈಪು ಹಾಕಿಸಿ. ವ್ಯಾನಿನಲ್ಲಿ ಕೆಲಸ ಮಾಡುವವರೇ ಒಂದು ಬಾಟಲಿ ನೀರು ಬಿಡಬಹುದು, ಬಾಗಿಲು ತೆಗೆಯುವ ಭಯವೂ ಇಲ್ಲ.

ಮರಿಗಳದ್ದು ಇನ್ನೂ ಕಷ್ಟ. ನಮ್ಮದೇ ನೆಲದ ಮುಧೋಳ ನಾಯಿ ಈಗ ದೇಶಕ್ಕೆಲ್ಲ ಗೊತ್ತು. 2005ರಲ್ಲಿ ಅದರ ಅಂಚೆ ಚೀಟಿ ಬಂತು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಹೆಮ್ಮೆಯ ವಿಷಯ. ದೂರದ ಊರಿನಿಂದ ಬಂದು ಮರಿ ಕೊಂಡುಹೋಗುವವರು ಒಂದು ಮಾತು ನೆನಪಿಡಬೇಕು, ಎರಡು ತಿಂಗಳ ಮರಿಯ ಮೈಯಲ್ಲಿ ನೀರಿನ ದಾಸ್ತಾನೇ ಇಲ್ಲ, ಅರ್ಧ ದಿನ ನೀರು ತಪ್ಪಿದರೂ ಅದು ಬಾಡಿಹೋಗುತ್ತದೆ. ರಟ್ಟಿನ ಡಬ್ಬಿಯಲ್ಲಿ ತೂತು ಮಾಡಿ ಬಸ್ಸಿನ ಸೀಟಿನ ಕೆಳಗೆ ಇಡಬೇಡಿ. ದಾರಿಯಲ್ಲಿ ಇಳಿಸಿ, ಅಂಗೈಯಲ್ಲಾದರೂ ನೀರು ತೋರಿಸಿ.

ಮರಿ ಮಾರುವ ಅಂಗಡಿಗಳಿಗೆ 2018ರಿಂದ ಕೇಂದ್ರದ ನಿಯಮ ಇದೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಕಾಗದ ಕೇಳುವುದು ನಿಮಗೆ ಮುಜುಗರ ಅನಿಸಿದರೆ ಗೂಡುಗಳನ್ನು ನೋಡಿ. ನಾನು ಹೋದ ಒಂದು ಅಂಗಡಿಯಲ್ಲಿ ಒಂದರ ಮೇಲೊಂದು ಗೂಡು ಪೇರಿಸಿದ್ದರು. ಒಂದು ಗೂಡಿನಲ್ಲಿ ನಾಲ್ಕು ಮರಿ, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಬಟ್ಟಲು, ಅದರಲ್ಲಿ ಒಣಗಿ ಅಂಟಿದ ಕಾಗದದ ಚೂರು, ನೀರಿಲ್ಲ. ನಾನು ನನ್ನ ಬಾಟಲಿಯಿಂದ ಸುರಿದ ಕೂಡಲೇ ನಾಲ್ಕೂ ಒಂದರ ಮೇಲೊಂದು ಬಿದ್ದು ಕುಡಿದವು, ಬಟ್ಟಲು ಖಾಲಿಯಾದ ಮೇಲೂ ತಳ ನೆಕ್ಕುತ್ತಲೇ ಇದ್ದವು. ಅಂಗಡಿಯವರು, ಕುಡಿದರೆ ಗಲೀಜು ಮಾಡುತ್ತವೆ ಮೇಡಂ, ಗಿರಾಕಿಗಳು ಬರುತ್ತಾರೆ ಅಂದರು. ಅಂಥ ಕಡೆ ಮರಿ ಕೊಳ್ಳಬೇಡಿ, ಪಾಪ ಅಂತ ಬಿಡಿಸಿಕೊಂಡು ಬರುವುದಕ್ಕೂ ಕೊಳ್ಳಬೇಡಿ. ನಾಳೆ ಆ ಗೂಡಿಗೆ ಬೇರೆ ಮರಿ ಬರುತ್ತದೆ. ದೂರು ಕೊಡಿ.

ದೂರು ಅಂದಾಗ ಕಾನೂನಿನ ಬಗ್ಗೆಯೂ ಹೇಳಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಸಾಕಿದ ಪ್ರಾಣಿಗೆ ಸಾಕಷ್ಟು ನೀರು, ಊಟ, ನೆರಳು ಕೊಡದಿರುವುದು ಅಪರಾಧ. ಅಲುಗಾಡಲು ಜಾಗ ಇಲ್ಲದ ಬೋನಿನಲ್ಲಿ ಇಡುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಅರುವತ್ತು ವರ್ಷ ದಾಟಿದರೂ ಅದೇ ಮೊತ್ತ. ನಮ್ಮ ಸಂಸದರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಪಾರ್ಲಿಮೆಂಟಿನಲ್ಲಿ ಎತ್ತಲಿ.

ಕಡೆಯದಾಗಿ, ಈಗ ಎಲ್ಲರೂ ಮಾತಾಡುತ್ತಿರುವ ಬೀದಿ ನಾಯಿ ವಿಷಯ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಿಗೆ ಸಾಗಿಸಿ ಅಂತ ಆದೇಶ ಮಾಡಿತು. ನಾಯಿ ಕಚ್ಚಿದ ಮಕ್ಕಳ ತಾಯಂದಿರ ಸಂಕಟ ನನಗೂ ಗೊತ್ತು, ಅದರ ಬಗ್ಗೆ ಜಗಳ ಇಲ್ಲ. ಆದರೆ ಹಿಡಿದ ನಾಯಿಗಳೆಲ್ಲ ಬೋನಿಗೇ ಹೋಗುತ್ತವೆ. ಎಷ್ಟು ಗೂಡು ಕಟ್ಟಿಸುತ್ತೇವೆ, ಎಷ್ಟು ನಾಯಿ ಹಿಡಿಯುತ್ತೇವೆ ಅಂತ ಹೇಳುತ್ತಾರೆ. ಎಷ್ಟು ನಲ್ಲಿ, ಎಷ್ಟು ಬಟ್ಟಲು, ಭಾನುವಾರ ನೀರು ಬಿಡುವವರು ಯಾರು ಅಂತ ಯಾರೂ ಹೇಳುವುದಿಲ್ಲ.

ಬೀದಿ ನಾಯಿಗೆ ಬೋನು ಹೊಸದು. ಹೆದರಿ ಮೂಲೆ ಸೇರಿರುತ್ತದೆ, ಮನುಷ್ಯರು ಎದುರಿಗಿದ್ದರೆ ಕುಡಿಯುವುದೇ ಇಲ್ಲ. ಬಟ್ಟಲು ಇಟ್ಟು ಹತ್ತು ನಿಮಿಷ ನೋಡಿ, ಕುಡಿಯಲಿಲ್ಲ ಅಂತ ತೆಗೆದುಕೊಂಡು ಹೋಗಬಾರದು. ರಾತ್ರಿಯೆಲ್ಲ ಅಲ್ಲೇ ಇರಬೇಕು, ಎಲ್ಲರೂ ಹೋದ ಮೇಲೆ ಕುಡಿಯುತ್ತದೆ. ಕುಡಿಯಲಿಲ್ಲ ಅಂದ ಮಾತ್ರಕ್ಕೆ ಹುಚ್ಚು ಹಿಡಿದಿದೆ ಅಂತಲೂ ತೀರ್ಮಾನ ಮಾಡಬಾರದು, ಅದನ್ನು ಡಾಕ್ಟರು ನೋಡಿ ಹೇಳಬೇಕು. ಕೆಲಸದವರ ಕೈಗೆ ಕಚ್ಚಬಾರದು ಅಂದರೆ ಇಲ್ಲಿಯೂ ಹೊರಗಿನಿಂದ ನೀರು ತುಂಬುವ ಬಟ್ಟಲೇ ಬೇಕು. ಸಂತಾನಹರಣ ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು ನಿಜ, ನೀರು ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರು ಹೇಳಲಿ. ಆ ನೆಪದಲ್ಲಿ ಬೆಳಿಗ್ಗೆ ಹಿಡಿದ ನಾಯಿ ನಾಳೆವರೆಗೆ ಒಣಗಬಾರದು. ಹಿಡಿಯುವ ವಾಹನ ತುಂಬುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತದಲ್ಲ, ಆ ವಾಹನದ ಗೂಡುಗಳಲ್ಲೂ ನೀರು ಇರಬೇಕು.

ನಮ್ಮ ಪಾಲಿಕೆಯವರೂ ಸೇರಿ ಎಲ್ಲ ಊರಿನ ಪಾಲಿಕೆ, ನಗರಸಭೆಗಳು ಟೆಂಡರ್ ಕಾಗದದಲ್ಲೇ ಇದನ್ನು ಬರೆಯಲಿ: ಪ್ರತಿ ಗೂಡಿಗೆ ಬಿಗಿದ ಒಂದು ಬಟ್ಟಲು, ದಿನಕ್ಕೆ ಎರಡು ಸಲ ತೊಳೆದು ತುಂಬಿಸಿದ್ದಕ್ಕೆ ಸಹಿ ಹಾಕುವ ಒಂದು ಪುಸ್ತಕ. ಆ ಪುಸ್ತಕವನ್ನು ಯಾರು ಹೋಗಿ ಕೇಳಿದರೂ ತೋರಿಸಬೇಕು.

ಬೋನಿಗೆ ಬಟ್ಟಲು ಹೇಗೆ ಬಿಗಿಯುವುದು ಅಂತ ನೋಡಬೇಕು ಅನ್ನುವವರು ದಾವಣಗೆರೆಯಲ್ಲಿ ಇದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರಲಿ, ನಿಮ್ಮ ಕಚೇರಿಗೆ ವಿಳಾಸ ಕೊಟ್ಟಿದ್ದೇನೆ. ಬೋನಿನ ಫೋಟೊ ಮತ್ತು ಸರಳಿನ ಅಂತರದ ಅಳತೆ ತಂದರೆ ಯಾವ ಸೈಜಿನ ಬಟ್ಟಲು ಕೂರುತ್ತದೆ ಅಂತಲೂ ಹೇಳುತ್ತೇನೆ.

ಇಂತಿ,
ನಿಮ್ಮ ಓದುಗಳು,
ದಾವಣಗೆರೆ